ಐದನೆಯ ಸಾಲಿನ ಹಸಿರು

ಬಿ.ಸಿ.ರೋಡಿನ ಬಸ್ ನಿಲ್ದಾಣದ ಎದುರು, ಬಟ್ಟೆ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಒಂದು ಟ್ರಾವೆಲ್ ಏಜೆನ್ಸಿ ಇತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಆಗ ಒಂದು ಕನ್ನಡ ದಿನಪತ್ರಿಕೆಗೆ ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಸುದ್ದಿ ಕಳಿಸುತ್ತಿದ್ದೆ. ಬರೆದ ಹಾಳೆಗಳನ್ನೂ ಫೋಟೋ ರೋಲನ್ನೂ ಕವರಿಗೆ ಹಾಕಿ, ಸಂಜೆ ಮಂಗಳೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ನನ್ನ ದಿನ ಮುಗಿಯುತ್ತಿತ್ತು. ಬಸ್ ಬರುವ ತನಕ ಕೂರಲು ಆ ಏಜೆನ್ಸಿಯ ಬೆಂಚು ಅನುಕೂಲವಾಗಿತ್ತು. ಕಿಟಕಿಯಿಂದ ಇಡೀ ನಿಲ್ದಾಣ ಕಾಣುತ್ತಿತ್ತು.

ಏಜೆನ್ಸಿಯ ಯಜಮಾನರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಗಲ್ಫಿಗೆ ಕೆಲಸಕ್ಕೆ ಹೋಗುವವರ ಪಾಸ್‌ಪೋರ್ಟ್ ತೆಗೆದುಕೊಂಡು ಬೊಂಬಾಯಿಗೆ ಕಾಗದ ಕಳಿಸಿ ವೀಸಾ ತರಿಸಿಕೊಡುವುದು ಅವರ ಕಸುಬು. ಬೆಂಚಿನಲ್ಲಿ ಯಾವಾಗಲೂ ನಾಲ್ಕಾರು ಜನ. ಮೆಟ್ಟಿಲು ಹತ್ತಿ ಬಂದವರ ಬಾಯಲ್ಲಿ ಒಂದೇ ಮಾತು: "ಬಂತಾ ಸಾಹೇಬ್ರೇ?" ಸಾಹೇಬರು ಫೋನಿನಿಂದ ಕಿವಿ ತೆಗೆಯದೆ ಕೈ ಆಡಿಸುತ್ತಿದ್ದರು. ಆ ಕೈ ಆಡಿಸುವುದಕ್ಕೆ ಇಲ್ಲ ಎಂದು ಅರ್ಥ.

ನಾನು ಶನಿವಾರಗಳಂದು ಮೂಡಬಿದಿರೆಗೆ ಹೋಗಿ ಒಂದು ಕಂಪ್ಯೂಟರ್ ತರಗತಿಯಲ್ಲಿ ಡೇಟಾಬೇಸ್ ಕಲಿಯುತ್ತಿದ್ದೆ. ಪತ್ರಿಕೆಯವರು ಇನ್ನು ಮುಂದೆ ವರದಿಗಾರರಿಗೆಲ್ಲ ಕಂಪ್ಯೂಟರ್ ಬರಬೇಕು ಎಂದಿದ್ದರು. ಬೇಕಾದದ್ದು ಟೈಪಿಂಗ್ ಮಾತ್ರ, ನಾನು ಅಗತ್ಯಕ್ಕಿಂತ ಹೆಚ್ಚು ಕಲಿತೆ. ಇದು ಸಾಹೇಬರಿಗೆ ಗೊತ್ತಾಯಿತು.

"ಪೇಪರ್‌ನವ್ರೇ, ನಿಮಗೆ ಕಂಪ್ಯೂಟರ್ ಬರ್ತದಲ್ಲ, ನಮ್ಮ ಈ ಕಷ್ಟಕ್ಕೊಂದು ದಾರಿ ಮಾಡಿ" ಎಂದರು. "ಜನ ಬಂದು ನನ್ನ ಹತ್ತಿರ ಕೇಳಬಾರದು. ಬರಬೇಕು, ನೋಡಬೇಕು, ಹೋಗಬೇಕು. ಓದಲಿಕ್ಕೆ ಬಾರದವರೂ ಇದ್ದಾರೆ. ಕೆಂಪು ಇದ್ದರೆ ಇಲ್ಲ, ಪಚ್ಚೆ ಇದ್ದರೆ ಉಂಟು. ಎರಡೇ."

ಆಗಷ್ಟೇ ಗಲ್ಫಿನ ಒಂದು ಕೇಟರಿಂಗ್ ಕಂಪನಿಗೆ ಅಡುಗೆಯವರು ಬೇಕೆಂದು ಅವರು ಒಂದು ತಂಡದ ಪಾಸ್‌ಪೋರ್ಟ್ ಸಂಗ್ರಹಿಸಿದ್ದರು. ನಾನು ಆ ತಂಡಕ್ಕೆಂದೇ ಕಂಪ್ಯೂಟರಿನಲ್ಲಿ ಒಂದು ಫಾರ್ಮ್ ಮಾಡಿದೆ. ಒಬ್ಬೊಬ್ಬರಿಗೆ ಒಂದು ಸಾಲು, ಸಾಲಿನ ತುದಿಯಲ್ಲಿ ಒಂದು ಬಟನ್. ಮೊದಲ ತೊಡಕು ಅಲ್ಲೇ ಬಂತು. ಆ ತಂತ್ರಾಂಶದ ಆಗಿನ ಆವೃತ್ತಿಯಲ್ಲಿ ಬಟನ್ನಿನ ಅಕ್ಷರಕ್ಕೆ ಬಣ್ಣ ಕೊಡಬಹುದಿತ್ತು, ಬಟನ್ನಿಗೆ ಕೊಡುವಂತಿರಲಿಲ್ಲ. ಏನು ಮಾಡಿದರೂ ಅದು ಬೂದು. ಎರಡು ಸಂಜೆ ಒದ್ದಾಡಿದ ಮೇಲೆ ಬಟನ್ ತೆಗೆದು ಅದೇ ಅಳತೆಯ ಲೇಬಲ್, ಅಂದರೆ ಬರಿಯ ಅಕ್ಷರದ ಪಟ್ಟಿ, ಇಟ್ಟು, ಅಂಚು ಉಬ್ಬಿಸಿ, ಬಟನ್ನಿನಂತೆ ಕಾಣುವ ಹಾಗೆ ಮಾಡಿದೆ. ಲೇಬಲ್ಲಿಗೆ ಬಣ್ಣ ಹಿಡಿಯುತ್ತದೆ. ಕೋಡಿನಲ್ಲಿ ಬರೆದೆ: ವೀಸಾ ಬಂದಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಒಟ್ಟು ಐದು ಸಾಲಿನ ಕೋಡು.

ಎಲ್ಲ ಹೆಸರು ತುಂಬಿಸಿ ತೆರೆದಾಗ ಪರದೆಯ ತುಂಬ ಕೆಂಪು. ಯಾರ ವೀಸಾವೂ ಬಂದಿರಲಿಲ್ಲವಾದ್ದರಿಂದ ಕೆಂಪು ಸರಿಯಾಗಿಯೇ ಇತ್ತು. ನಾನು ಅಷ್ಟಕ್ಕೆ ತೃಪ್ತನಾದೆ. ಪತ್ರಿಕೆಯಲ್ಲಿ ಒಂದು ಸುದ್ದಿಗೆ ಎರಡು ಕಡೆಯಿಂದ ಖಚಿತಪಡಿಸಿಕೊಳ್ಳದೆ ಕವರ್ ಅಂಟಿಸದ ನಾನು, ಒಂದೇ ಒಂದು ಸಾಲನ್ನು ಹಸಿರು ಮಾಡಿ ನೋಡಲಿಲ್ಲ. ಇದನ್ನು ದಾಖಲೆಗಾಗಿ ಬರೆಯುತ್ತಿದ್ದೇನೆ.

ಸಾಹೇಬರು ಮಾನಿಟರನ್ನು ಬೆಂಚಿನ ಕಡೆಗೆ ತಿರುಗಿಸಿ ಇಟ್ಟರು. ಹೆಸರುಗಳು ಇಂಗ್ಲಿಷಿನಲ್ಲಿದ್ದವು, ಕನ್ನಡ ಅಕ್ಷರ ಆ ಫಾರ್ಮಿನಲ್ಲಿ ನೆಟ್ಟಗೆ ಕೂರುತ್ತಿರಲಿಲ್ಲ. ಆದರೆ ಎಲ್ಲರಿಗೂ ತಮ್ಮ ತಮ್ಮ ಸಾಲು ಬಾಯಿಪಾಠವಾಗಿತ್ತು. ನಾನು ಮೇಲಿನಿಂದ ಎರಡು, ನಾನು ಕೆಳಗಿನಿಂದ ಮೂರು, ಹೀಗೆ.

ಐದನೆಯ ಸಾಲಿನವರು ಗುರುವಾಯನಕೆರೆಯ ಒಂದು ಹೋಟೆಲಿನಲ್ಲಿ ಪರೋಟ ಮಾಡುತ್ತಿದ್ದರು. ಮೂವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಹತ್ತು ವರ್ಷದಿಂದ ಅದೇ ಕಾವಲಿಯ ಮುಂದೆ ನಿಂತವರು. ತಂದೆ ತಾಯಿ ಇರಲಿಲ್ಲ, ಮೂಡಬಿದಿರೆಯಲ್ಲಿ ಮದುವೆಯಾದ ಅಕ್ಕ ಒಬ್ಬರು. ವಾರಕ್ಕೊಮ್ಮೆ ಹೋಟೆಲಿನ ರಜೆಯ ದಿನ ಬಸ್ ಹತ್ತಿ ಬರುತ್ತಿದ್ದರು. ಬೆಂಚಿನ ತುದಿಯಲ್ಲಿ ಐದು ನಿಮಿಷ ಕೂತು, ಪರದೆ ನೋಡಿ, ಯಾರನ್ನೂ ಏನೂ ಕೇಳದೆ ಇಳಿದು ಹೋಗುತ್ತಿದ್ದರು. ಸಾಹೇಬರಿಗೆ ಇಂಥವರೆಂದರೆ ಬಹಳ ಇಷ್ಟ.

ಅಂಥ ಒಂದು ರಜೆಯ ದಿನ ಬೊಂಬಾಯಿಯಿಂದ ಫ್ಯಾಕ್ಸ್ ಬಂತು. ತಂಡದಲ್ಲಿ ಒಬ್ಬರಿಗೆ, ಬಂಟ್ವಾಳ ಪೇಟೆಯವರೊಬ್ಬರಿಗೆ, ವೀಸಾ ಆಗಿದೆ. ಸಾಹೇಬರು ಮಂಗಳೂರಿಗೆ ಹೋಗಿದ್ದರು. ಕಚೇರಿಯ ಟೈಪಿಸ್ಟ್, ಎರಡು ಮಕ್ಕಳ ತಾಯಿ, ತುಂಬ ಅಚ್ಚುಕಟ್ಟಿನ ಹೆಂಗಸು, ಆ ಸಾಲಿಗೆ ಹೋಗಿ ವೀಸಾ ಬಂದಿದೆ ಎಂದು ಗುರುತು ಹಾಕಿದರು. ಕೂಡಲೇ ಫ್ಯಾಕ್ಸ್ ಹಾಳೆ ಹಿಡಿದುಕೊಂಡು ಕೆಳಗೆ ಝೆರಾಕ್ಸ್ ಮಾಡಿಸಲು ಹೋದರು. ಫ್ಯಾಕ್ಸ್ ಕಾಗದದ ಮಸಿ ಬೇಗ ಮಾಸುತ್ತಿತ್ತು, ಝೆರಾಕ್ಸ್ ಮೊದಲು ಎಂಬುದು ಅಲ್ಲಿಯ ಕ್ರಮ. ಪರದೆಯನ್ನು ಅವರು ತಿರುಗಿ ನೋಡಲಿಲ್ಲ.

ಪರದೆಯಲ್ಲಿ ಎಲ್ಲ ಸಾಲುಗಳೂ ಹಸಿರಾಗಿದ್ದವು.

ಕಾರಣ ನನಗೆ ಮರುದಿನ ತಿಳಿಯಿತು. ಪಟ್ಟಿಯಂಥ ಫಾರ್ಮಿನಲ್ಲಿ ಇಪ್ಪತ್ತು ಬಟನ್ ಕಂಡರೂ ನಿಜದಲ್ಲಿ ಇರುವುದು ಒಂದೇ. ಅದನ್ನೇ ತಂತ್ರಾಂಶ ಪ್ರತಿ ಸಾಲಿನಲ್ಲೂ ಬರೆದು ತೋರಿಸುತ್ತದೆ. ಕೋಡಿನಿಂದ ಅದಕ್ಕೆ ಬಣ್ಣ ಹಚ್ಚಿದರೆ ಎಲ್ಲ ಸಾಲಿಗೂ ಅದೇ ಬಣ್ಣ. ಯಾವ ಸಾಲಿನಲ್ಲಿ ಕರ್ಸರ್ ನಿಂತಿದೆಯೋ ಅವನ ಭಾಗ್ಯವೇ ಎಲ್ಲರ ಭಾಗ್ಯ. ಇಷ್ಟು ದಿನ ಎಲ್ಲರದೂ ಕೆಂಪೇ ಆಗಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಟೈಪಿಸ್ಟ್ ಕೆಳಗೆ ಹೋಗಿದ್ದ ಹತ್ತು ನಿಮಿಷದಲ್ಲಿ ಬೆಂಚಿನ ಮೇಲೆ ಒಬ್ಬರೇ ಇದ್ದರು, ಐದನೆಯ ಸಾಲಿನವರು. ಎಲ್ಲ ಹಸಿರಾದದ್ದು ಅವರಿಗೆ ವಿಚಿತ್ರ ಅನಿಸಲಿಲ್ಲ. ಒಂದೇ ಕಂಪನಿ, ಒಟ್ಟಿಗೆ ಕಳಿಸಿದ್ದು, ಒಟ್ಟಿಗೆ ಬಂದಿದೆ. ಎದ್ದು ಹೋದರು.

ಮರುದಿನ ಬೆಳಿಗ್ಗೆ ತಂಡದ ಇನ್ನೊಬ್ಬರು ಪುಂಜಾಲಕಟ್ಟೆಯ ಬೂತಿನಿಂದ ಫೋನ್ ಮಾಡಿ, "ಎಲ್ಲರದ್ದೂ ಬಂದಿದೆಯಂತೆ, ಗುರುವಾಯನಕೆರೆಯ ಪರೋಟದವ ಹೇಳಿದ, ಹೌದಾ?" ಎಂದು ಕೇಳಿದಾಗಲೇ ಏಜೆನ್ಸಿಯವರಿಗೆ ಎಚ್ಚರವಾದದ್ದು. ನನಗೆ ಕರೆ ಬಂತು. ಹೋಗಿ ಕರ್ಸರನ್ನು ಮೇಲೆ ಕೆಳಗೆ ಆಡಿಸಿ ನೋಡಿದೆ. ಪರದೆ ಪೂರ್ತಿ ಹಸಿರು, ಪೂರ್ತಿ ಕೆಂಪು, ಪೂರ್ತಿ ಹಸಿರು. ಟೈಪಿಸ್ಟ್ ಬಾಯಿಗೆ ಸೆರಗು ಹಿಡಿದು ನಿಂತಿದ್ದರು.

ಸಾಹೇಬರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. "ಏನು ಪೇಪರ್‌ನವ್ರೇ, ನಾನು ಆರು ತಿಂಗಳು ಫೋನ್ ಮಾಡಿದರೂ ಆಗದ್ದು. ನೀವು ಒಂದು ಗಳಿಗೆಯಲ್ಲಿ ಎಲ್ಲರಿಗೂ ವೀಸಾ ಕೊಟ್ಟಿರಿ" ಎಂದರು. ಆಮೇಲೆ ಕನ್ನಡಕ ತೆಗೆದಿಟ್ಟು, "ಉಳಿದವರಿಗೆ ನಾನು ಹೇಳ್ತೇನೆ. ಆ ಪರೋಟದವನಿಗೆ ಫೋನ್ ಇಲ್ಲ. ನೀವೇ ಹಚ್ಚಿದ ಬಣ್ಣ, ನೀವೇ ಒರಸಿ ಬನ್ನಿ. ಬೇಗ ಹೋಗಿ, ಅವ ಹೇಳಿ ಬರ್ಲಿಕ್ಕೆ ಶುರು ಮಾಡಿದರೆ ಮತ್ತೆ ಕಷ್ಟ" ಎಂದರು.

ಹೇಳಿ ಬರುವುದು ಎಂದರೆ ಈ ಕಡೆಯವರಿಗೆ ಗೊತ್ತು. ದೂರ ಹೋಗುವವರು, ಹಜ್ಜಿಗೆ ಹೋಗಲಿ ಗಲ್ಫಿಗೆ ಹೋಗಲಿ, ಹೊರಡುವ ಮೊದಲು ಮನೆ ಮನೆಗೆ ಹೋಗಿ ಕೈ ಹಿಡಿದು, ನನ್ನಿಂದ ಏನಾದರೂ ತಪ್ಪಾಗಿದ್ದರೆ ಮಾಫ್ ಮಾಡಿ ಎಂದು ಕೇಳುತ್ತಾರೆ. ತಿರುಗಿ ಬರುತ್ತೇವೆಂಬ ಖಾತರಿ ಇಲ್ಲದವರು ಕೇಳುವ ಕ್ಷಮೆ ಅದು. ಕೇಳಿಸಿಕೊಂಡವರು ಮಾಫ್ ಮಾಡಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು.

ಬೆಳ್ತಂಗಡಿ ಬಸ್ಸಿನಲ್ಲಿ ನಿಂತುಕೊಂಡೇ ಗುರುವಾಯನಕೆರೆ ತಲುಪಿದೆ. ಹೋಟೆಲಿನಲ್ಲಿ ಕಾವಲಿಯ ಮುಂದೆ ಬೇರೆ ಯಾರೋ ನಿಂತಿದ್ದರು, ಪರೋಟವನ್ನು ಎರಡು ಕೈಯಿಂದ ತಟ್ಟುವ ಸದ್ದು ಮಾತ್ರ ಅದೇ. ಗಲ್ಲೆಯಲ್ಲಿ ಕೂತಿದ್ದ ಯಜಮಾನರು ನನ್ನ ಪರಿಚಯದವರು.

"ಅವನಾ? ನಿನ್ನೆಯೇ ಮನೆಗೆ ಬಂದು ಹೇಳಿ ಹೋದ ಮಾರಾಯ್ರೆ. ಹತ್ತು ವರ್ಷದಲ್ಲಿ ಹತ್ತು ಮಾತಾಡಿದವ ಅಲ್ಲ. ನಿನ್ನೆ ನೋಡಿ, ಕೈ ಹಿಡ್ಕೊಂಡು ಬಿಡುವುದಿಲ್ಲ. ಯಾವಾಗಲೋ ನನ್ನ ಮೇಲೆ ಸಿಟ್ಟಲ್ಲಿ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದ್ದನಂತೆ. ನನಗೆ ನೆನಪೇ ಇಲ್ಲ. ಅದಕ್ಕೂ ಮಾಫ್ ಕೇಳಿದ."

"ಕಾವಲಿಗೆ ಬೇರೆಯವರು ಬಂದ ಹಾಗಿದೆ."

"ಇವನು ಮೂರು ತಿಂಗಳಿಂದ ಕೇಳ್ತಾ ಇದ್ದ, ಜಾಗ ಖಾಲಿಯಾದರೆ ಹೇಳಿ ಅಂತ. ಅವ ಹೊರಟದ್ದು ಗೊತ್ತಾದ ಕೂಡಲೇ ಬಂದ. ನಿಮಗೆ ಎಂತ ಕೆಲಸ ಅವನ ಹತ್ತಿರ?"

ಸ್ವಲ್ಪ ಕಾಗದದ ಕೆಲಸ ಎಂದೆ. ತಪ್ಪು ಸುದ್ದಿ ಹೋದರೆ ಮೊದಲು ತಿಳಿಸಬೇಕಾದ್ದು ಯಾರ ಕುರಿತಾಗಿ ಹೋಗಿದೆಯೋ ಅವರಿಗೆ. ಆ ನಿಯಮವನ್ನು ನೆನೆದು ಸುಮ್ಮನಾದೆ. ಅದು ನಿಯಮವೋ ಅಳುಕೋ ಈಗ ಹೇಳಲಾರೆ.

"ಒಳ್ಳೆದಾಯ್ತು ನೀವು ಸಿಕ್ಕಿದ್ದು" ಎಂದು ಯಜಮಾನರು ಒಳಗಿನಿಂದ ಒಂದು ಕಟ್ಟು ತಂದರು. "ನನ್ನ ಭಾವ ಗಲ್ಫಿನಲ್ಲೇ ಇದ್ದಾನೆ. ಮಿಡಿ ಉಪ್ಪಿನಕಾಯಿ, ಹಪ್ಪಳ, ಒಂದು ಕಾಗದ. ನಿನ್ನೆ ಕೊಡ್ಲಿಕ್ಕೆ ಮರೆತೆ. ಅವ ಮೂಡಬಿದಿರೆಯಲ್ಲಿ ಅಕ್ಕನ ಮನೆಯಲ್ಲಿ ಇರ್ತಾನೆ. ಕೊಟ್ಟುಬಿಡಿ ಮಾರಾಯ್ರೆ."

ವೇಣೂರು ದಾರಿಯ ಬಸ್ಸಿನಲ್ಲಿ ಆ ಉಪ್ಪಿನಕಾಯಿಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಬಾಟಲಿ ಚೆಲ್ಲದಂತೆ ನೆಟ್ಟಗೆ ಹಿಡಿದುಕೊಂಡೆ. ಹೋಗದ ಮನುಷ್ಯನ ಕೈಗೆ ಕೊಡಲು ಅದನ್ನು ಅಷ್ಟು ಜೋಪಾನ ಮಾಡುತ್ತಿದ್ದೇನೆ ಎಂಬುದು ವೇಣೂರು ದಾಟಿದ ಮೇಲೆ ಹೊಳೆಯಿತು.

ಅಕ್ಕನ ಮನೆ ಮೂಡಬಿದಿರೆ ಬಸ್ ನಿಲ್ದಾಣದಿಂದ ಹತ್ತು ನಿಮಿಷದ ದಾರಿ. ಜಗಲಿಯಲ್ಲಿ ಆಕೆ ಮೊರದ ತುಂಬ ಎಲೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಗೋಡೆಯ ಪಕ್ಕ ಬೆಂಚಿನ ಮೇಲೆ ಸಾಲಾಗಿ ಕಟ್ಟುಗಳು. ಬಟ್ಟೆಯಲ್ಲಿ ಹೊಲಿದದ್ದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು, ಬಿಸ್ಕತ್ತಿನ ಡಬ್ಬಿ, ಮೇಲೆ ಶಾಯಿಯಲ್ಲಿ ಹೆಸರು, ಗಲ್ಫಿನಲ್ಲಿ ಅವರಿರುವ ಕ್ಯಾಂಪಿನ ನಂಬರು. ಒಂದು ದಿನದಲ್ಲಿ ಅಷ್ಟೂ ಸೇರಿತ್ತು. ಐದನೆಯ ಸಾಲಿನವರು ಒಳಗಿನಿಂದ ಬಂದರು, ಹೊಸದಾಗಿ ಕೂದಲು ಕತ್ತರಿಸಿಕೊಂಡಿದ್ದರು.

ನಾನು ನಿಂತೇ ಹೇಳಿದೆ. ಸುದ್ದಿ ಹೇಳುವ ಕ್ರಮದಲ್ಲೇ ಹೇಳಿದೆ: ಮೊದಲು ಮುಖ್ಯ ವಿಷಯ, ಆಮೇಲೆ ಕಾರಣ. ನಿಮ್ಮ ವೀಸಾ ಬಂದಿಲ್ಲ. ಬಣ್ಣ ತಪ್ಪಾಗಿ ತೋರಿಸಿದೆ. ತಪ್ಪು ನನ್ನದು.

ಅವರು ನನ್ನ ಕೈಯಲ್ಲಿದ್ದ ಕಟ್ಟನ್ನು ನೋಡುತ್ತಿದ್ದರು. ಆಮೇಲೆ ಕೇಳಿದರು: "ಹಾಗಾದರೆ ಆ ಪಚ್ಚೆ ಯಾರದ್ದು ಸಾರ್?"

ಬಂಟ್ವಾಳದವರದ್ದು ಎಂದೆ.

"ಅವರಿಗೆ ಗೊತ್ತುಂಟಾ?"

"ಇವತ್ತು ಹೇಳ್ತಾರೆ."

"ಒಳ್ಳೆದಾಯ್ತು" ಎಂದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನಾನು ಗುರುತಿಸುತ್ತಿದ್ದೆ.

ಅಕ್ಕ ಮೊರ ಬದಿಗಿಟ್ಟರು. "ಪೇಪರಿನಲ್ಲಿ ತಪ್ಪಾದರೆ ಮರುದಿನ ಕೆಳಗೆ ಸಣ್ಣಕ್ಕೆ ಹಾಕ್ತೀರಲ್ಲ ತಪ್ಪಾಯ್ತು ಅಂತ, ಇದನ್ನು ಎಲ್ಲಿ ಹಾಕ್ತೀರಿ? ಇವನು ನಿನ್ನೆಯಿಂದ ಮೂವತ್ತು ಮನೆ ಹತ್ತಿ ಇಳಿದಿದ್ದಾನೆ. ಎರಡು ವರ್ಷದಿಂದ ಮಾತಿಲ್ಲದ ಚಿಕ್ಕಪ್ಪನ ಮನೆಗೂ ಹೋಗಿ ಕೈ ಹಿಡಿದ. ಅವರು ಅತ್ತರು, ಇವನೂ ಅತ್ತ. ಈಗ ಎಂತ ಹೇಳುವುದು, ಅತ್ತದ್ದು ವಾಪಸ್ ಕೊಡಿ ಅಂತಲಾ?"

ನಾನೇ ಪ್ರತಿ ಮನೆಗೂ ಬಂದು ಹೇಳುತ್ತೇನೆ, ಗುರುವಾಯನಕೆರೆಯ ಯಜಮಾನರಿಗೂ ಹೇಳುತ್ತೇನೆ, ಕೆಲಸ ವಾಪಸ್ ಕೇಳುತ್ತೇನೆ ಎಂದೆ. ಐದನೆಯ ಸಾಲಿನವರು ತಲೆ ಅಲ್ಲಾಡಿಸಿದರು.

"ಬೇಡ ಸಾರ್. ಅಲ್ಲಿ ಬೇರೆಯವರು ನಿಂತಾಯ್ತು, ಅವರ ಹೊಟ್ಟೆಗೆ ಹೊಡಿಯುವುದು ಬೇಡ. ಮಾಫ್ ಕೇಳಿ ಆದ ಮೇಲೆ ಆ ಜನರ ಎದುರಿಗೆ ಪುನಃ ಹೋಗಿ ನಿಲ್ಲಲಿಕ್ಕೆ ನನ್ನಿಂದ ಆಗುವುದಿಲ್ಲ. ವೀಸಾ ಹೇಗೂ ಬರ್ತದಲ್ಲ, ಒಂದು ತಿಂಗಳೋ ಎರಡೋ. ಅಲ್ಲಿವರೆಗೆ ನಾನು ಇಲ್ಲೇ ಒಳಗೆ ಇರ್ತೇನೆ. ನೀವು ಯಾರಿಗೂ ಹೇಳಬೇಡಿ."

ತಿದ್ದುಪಡಿ ಹಾಕಬೇಡಿ ಎಂದು ಒಬ್ಬರು ನನ್ನನ್ನು ಕೇಳಿಕೊಂಡದ್ದು ಅದೇ ಮೊದಲು. ಒಪ್ಪಿದೆ. ಬೇರೆ ಏನು ಮಾಡುವ ಅಧಿಕಾರವೂ ನನಗಿರಲಿಲ್ಲ.

ಕಟ್ಟುಗಳ ಪ್ರಶ್ನೆ ಉಳಿಯಿತು. ಉಪ್ಪಿನಕಾಯಿ, ಒಣಮೀನು, ಕಾಗದಗಳು ಕಾಯುವಂತಿರಲಿಲ್ಲ. ಹಿಂತಿರುಗಿ ಹೋಗಿ ಕೇಳಿದಾಗ ಸಾಹೇಬರು ಒಂದು ಉಪಾಯ ಹೇಳಿದರು: ನಿಜವಾಗಿ ವೀಸಾ ಬಂದ ಬಂಟ್ವಾಳದವರು ಹೇಗೂ ಅಲ್ಲಿಗೇ ಹೋಗುತ್ತಾರೆ, ಅವರೇ ಒಯ್ಯಲಿ. ನನಗೂ ಸರಿ ಎನಿಸಿತು. ಒಂದು ಗೋಣಿಯಲ್ಲಿ ತುಂಬಿ ನಾನೇ ಬಸ್ಸಿನ ಮೇಲೆ ಹಾಕಿಸಿ ಬಿ.ಸಿ.ರೋಡಿಗೆ ತಂದೆ. ಅವು ಯಾವ ಕ್ಯಾಂಪಿಗೆ ಹೋಗಬೇಕೋ ಅಲ್ಲಿಗೆ ಹೋಗಿ ಮುಟ್ಟಿದವು.

ತಿಂಗಳು ಕಳೆದು ಒಂದು ಕಾರ್ಯಕ್ರಮದ ವರದಿಗೆಂದು ಗುರುವಾಯನಕೆರೆಗೆ ಹೋದವನು ಆ ಹೋಟೆಲಿನಲ್ಲಿ ಚಹಾ ಕುಡಿಯಲು ಕೂತೆ. ಯಜಮಾನರು ಗಲ್ಲೆಯಿಂದ ಎದ್ದು ಬಂದು ಒಂದು ಏರ್‌ಮೇಲ್ ಕಾಗದ ನನ್ನ ಮುಂದೆ ಹಿಡಿದರು.

"ನೋಡಿ, ಭಾವ ಬರೆದಿದ್ದಾನೆ. ಉಪ್ಪಿನಕಾಯಿ ಸಿಕ್ಕಿತಂತೆ. ಒಂದು ತೊಟ್ಟು ಎಣ್ಣೆ ಚೆಲ್ಲಲಿಲ್ಲವಂತೆ. ನಮ್ಮ ಪರೋಟದವ ಮುಟ್ಟಿದ, ಅಲ್ಲವಾ? ಕಟ್ಟು ಕೊಟ್ಟು ಒಂದು ಚಾ ಕುಡಿಯದೆ ಹೋದನಂತೆ. ಅದೇ ಅವನ ಬುದ್ಧಿ, ಅಲ್ಲಿಯೂ ಮಾತಿಲ್ಲ!"

ಪಕ್ಕದ ಮೇಜಿನವರು ನಕ್ಕರು. ಅವರಲ್ಲೊಬ್ಬರು ತಮಗೂ ಅಂಥದೇ ಕಾಗದ ಬಂದಿದೆ ಎಂದರು. ನಾನು ಸರಿಮಾಡಲು ಹೊರಟದ್ದು ಸುಳ್ಳಿಗೆ ಸಾಕ್ಷಿ ಒದಗಿಸಿತ್ತು. ಮನೆ ಮನೆಯಲ್ಲಿ ಲಿಖಿತ ದಾಖಲೆ, ವಿದೇಶದ ಅಂಚೆ ಮುದ್ರೆ ಸಹಿತ. ಚಹಾ ಕುಡಿದು ಎದ್ದೆ. ನಾನು ಮಾಡಿದ ಕೆಲಸದಲ್ಲಿ ಪೂರ್ತಿ ಯಶಸ್ವಿಯಾದದ್ದು ಆ ಬಾಟಲಿಯನ್ನು ನೆಟ್ಟಗೆ ಹಿಡಿದದ್ದು ಮಾತ್ರ.

ಒಂದೆರಡು ತಿಂಗಳು ಎಂದದ್ದು ನಾಲ್ಕಾಯಿತು, ಐದಾಯಿತು. ಶನಿವಾರ ಮೂಡಬಿದಿರೆಗೆ ಹೋದಾಗ ಆ ಮನೆಗೂ ಹೋಗಿ ಬರುತ್ತಿದ್ದೆ. ಅವರು ಒಳಕೋಣೆಯಲ್ಲಿ ಬಾಗಿಲ ಪರದೆಯ ಹಿಂದೆ ಕೂತು ಅಕ್ಕನ ಪಾಲಿನ ಬೀಡಿ ಕಟ್ಟುತ್ತಿದ್ದರು. ಹೊರಗಿನಿಂದ ಯಾರಾದರೂ ಕರೆದರೆ ಕತ್ತರಿ ಕೆಳಗಿಟ್ಟು ಸದ್ದಿಲ್ಲದೆ ಕೂರುತ್ತಿದ್ದರು. ಪರೋಟ ತಟ್ಟಿದ ದೊಡ್ಡ ಕೈಗಳಿಗೆ ಎಲೆಯ ತುದಿ ಮಡಚುವುದು ಬೇಗ ಬರಲಿಲ್ಲ. "ನಿನ್ನ ಬೀಡಿ ಸೇದಿದವನು ಚಟ ಬಿಡ್ತಾನೆ" ಎಂದು ಅಕ್ಕ ಹಂಗಿಸುತ್ತಿದ್ದರು. ಶುಕ್ರವಾರದ ನಮಾಜಿಗೂ ಅವರು ಹೊರಗೆ ಹೋಗುತ್ತಿರಲಿಲ್ಲ.

ನಾನು ಹೋದಾಗ ಅವರು ಏನೂ ಕೇಳುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದರು, ಮೊದಲು ಬೆಂಚಿನಲ್ಲಿ ಕೂತು ಪರದೆಯನ್ನು ನೋಡುತ್ತಿದ್ದಂತೆ. ಐದು ನಿಮಿಷದ ಮೇಲೆ ಮೊರದ ಕಡೆಗೆ ತಿರುಗುತ್ತಿದ್ದರು.

ಫಾರ್ಮನ್ನು ನಾನು ಮೊದಲ ವಾರದಲ್ಲೇ ಸರಿಮಾಡಿದ್ದೆ. ಲೇಬಲ್ಲನ್ನು ತೆಗೆದೆ. ಪ್ರತಿ ಸಾಲಿನಲ್ಲೂ ಒಂದು ಅಂಕಿ ಇಟ್ಟು, ಅಂಕಿ ಸೊನ್ನೆಗಿಂತ ಮೇಲಿದ್ದರೆ ಹಸಿರು, ಕೆಳಗಿದ್ದರೆ ಕೆಂಪು ಅಕ್ಷರದಲ್ಲಿ ಕಾಣುವ ಹಾಗೆ ಮಾಡಿದೆ. ಇದರಲ್ಲಿ ಒಂದು ಸಾಲಿನ ಬಣ್ಣ ಇನ್ನೊಂದಕ್ಕೆ ತಗಲುವುದಿಲ್ಲ. ಈ ಸಲ ಹತ್ತು ರೀತಿಯಲ್ಲಿ ಪರೀಕ್ಷಿಸಿದೆ. ಸಾಹೇಬರು ಮಾತ್ರ ಮಾನಿಟರನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟಿದ್ದರು. ಜನ ಮೊದಲಿನಂತೆ ಕೇಳುತ್ತಿದ್ದರು, ಅವರು ಮೊದಲಿನಂತೆ ಕೈ ಆಡಿಸುತ್ತಿದ್ದರು. ಬಸ್ಸಿಗೆ ಕಾಯುವಾಗ ನಾನೊಬ್ಬನೇ ಆ ಕಡೆ ಹೋಗಿ ಐದನೆಯ ಸಾಲು ನೋಡುತ್ತಿದ್ದೆ. ಅಲ್ಲಿ ಒಂದು ಕೀಲಿ ಒತ್ತಿದರೆ ಅದು ಹಸಿರಾಗುತ್ತಿತ್ತು. ನನ್ನ ಕೈಯಲ್ಲಿ ಇದ್ದದ್ದು ಅಷ್ಟೇ.

ಎಂಟನೆಯ ತಿಂಗಳಿನಲ್ಲಿ ವೀಸಾ ಬಂತು. ಸಾಹೇಬರು ಫ್ಯಾಕ್ಸ್ ಹಾಳೆ ನನ್ನ ಕೈಗೆ ಕೊಟ್ಟು ಓದಿಸಿದರು, ಟೈಪಿಸ್ಟ್ ಕೈಗೆ ಕೊಟ್ಟು ಓದಿಸಿದರು, ಬೊಂಬಾಯಿಗೆ ಫೋನ್ ಮಾಡಿ ಪಾಸ್‌ಪೋರ್ಟ್ ನಂಬರನ್ನು ಒಂದೊಂದೇ ಅಂಕಿಯಾಗಿ ಕೇಳಿದರು. ಆಮೇಲೆ ಝೆರಾಕ್ಸ್. ಅದನ್ನು ತೆಗೆದುಕೊಂಡು ಮೂಡಬಿದಿರೆಗೆ ಹೋದೆ.

ಅವರು ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. "ಎಲ್ಲರದ್ದೂ ಪಚ್ಚೆಯಾ ಸಾರ್?" ಎಂದು ಕೇಳಿದರು.

"ಇಲ್ಲ. ನಿಮ್ಮದು, ಮತ್ತೆ ಇನ್ನಿಬ್ಬರದ್ದು. ಉಳಿದವರದ್ದು ಕೆಂಪೇ."

ಆಗ ನಂಬಿದರು.

ಹೊರಡುವ ದಿನ ಯಾರೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಎಂಟು ತಿಂಗಳ ಹಿಂದೆಯೇ ಬೀಳ್ಕೊಟ್ಟಿದ್ದವರು ಅವರೆಲ್ಲ. ಸಾಮಾನ್ಯವಾಗಿ ಗಲ್ಫಿಗೆ ಹೋಗುವವರನ್ನು ಕಳಿಸಲು ಎರಡು ಜೀಪಿನಷ್ಟು ಜನ ಸೇರುತ್ತಿದ್ದರು. ಅಂದು ಮೂಡಬಿದಿರೆಯ ನಿಲ್ದಾಣದಲ್ಲಿ ಅಕ್ಕ, ನಾನು, ಒಂದು ಸೂಟ್‌ಕೇಸ್. ಅವರು ಮುಖದ ಮೇಲೆ ಟೊಪ್ಪಿ ಎಳೆದುಕೊಂಡು ಅಂಗಡಿಯ ಗೋಡೆಗೆ ಒರಗಿ ನಿಂತಿದ್ದರು, ಪರಿಚಯದವರು ಕಂಡಾರು ಎಂದು. ಕೈಯಲ್ಲಿ ಒಂದು ಕಟ್ಟೂ ಇರಲಿಲ್ಲ. ಅಕ್ಕ ಕೊಟ್ಟ ಅಕ್ಕಿರೊಟ್ಟಿಯ ಪೊಟ್ಟಣ ಮಾತ್ರ.

ಮಂಗಳೂರಿನ ಬಸ್ಸು ಬಂತು. ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡೇ "ಬೇಗ, ಬೇಗ" ಎನ್ನುತ್ತಿದ್ದ. ಅಕ್ಕನಿಗೆ ಹೇಳಿ ಆಗಿತ್ತು. ಅವರು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟವರು ಹಿಂದೆ ತಿರುಗಿ, ಇಳಿದು ಬಂದು, ನನ್ನ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ಹತ್ತಿರ ಆವಾಗ ಕೇಳಿರಲಿಲ್ಲ ಸಾರ್, ಅಷ್ಟು ಪರಿಚಯ ಇರಲಿಲ್ಲ. ನನ್ನಿಂದ ಏನಾದರೂ ತಪ್ಪಾಗಿದ್ದರೆ ಮಾಫ್ ಮಾಡಿ."

ನನಗೆ ಹೇಳಬೇಕಾದ್ದು ಬೇರೆ ಇತ್ತು. ಆದರೆ ಆ ಮಾತಿಗೆ ಕೊಡಬಹುದಾದ ಉತ್ತರ ಒಂದೇ, ಅದನ್ನು ಕೇಳದೆ ಅವರು ಕೈ ಬಿಡುವಂತಿರಲಿಲ್ಲ. ಕಂಡಕ್ಟರ್ ಬಾಗಿಲಿನ ತಗಡನ್ನು ಎರಡು ಸಲ ಬಡಿದ.

"ಮಾಫ್ ಮಾಡಿದ್ದೇನೆ" ಎಂದೆ.

ಅವರು ಬಸ್ ಹತ್ತಿದರು.